ಹೆಡರ್ ಮಾಡೋಕೆ ಯಾವ ಬಿಲ್ಡರ್ ತಗೊಳ್ಳಬೇಕು? ಕನ್ನಡ ಹೆಸರು ಇಟ್ಟು ನೋಡಿದ ಹೋಲಿಕೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಈಗ ಸಣ್ಣ ವ್ಯಾಪಾರದವರೂ ವೆಬ್‌ಸೈಟ್ ಬೇಕು ಅನ್ನುತ್ತಾರೆ. ದಾಲ್ ಮಿಲ್, ಬಿದರಿ ಅಂಗಡಿ, ಕೋಚಿಂಗ್ ಸೆಂಟರ್, ಕಲ್ಯಾಣ ಮಂಟಪ, ಎಲ್ಲರಿಗೂ ಬೇಕು. ಕೋಡ್ ಬಾರದಿದ್ದರೂ ಅಡ್ಡಿಯಿಲ್ಲ. ಎಳೆದು ತಂದು ಕೂಡಿಸುವ ವಿಷುವಲ್ ಬಿಲ್ಡರ್‌ಗಳು ಬೇಕಾದಷ್ಟಿವೆ. ತೊಡಕು ಶುರುವಾಗುವುದು ಹೆಡರ್‌ನಲ್ಲಿ. ಲೋಗೋ, ಹೆಸರು, ಮೆನು, ಫೋನ್ ನಂಬರ್ ಹೊತ್ತು ಪ್ರತಿ ಪುಟದ ಮೇಲೂ ಕೂರುವ ಪಟ್ಟಿ ಅದು. ಅದನ್ನು ಬೇಕಾದ ಹಾಗೆ ಮಾಡಲು ಒಂದು ಬಿಲ್ಡರ್ ಪುಕ್ಕಟೆ ಬಿಡುತ್ತೆ, ಇನ್ನೊಂದು ದುಡ್ಡು ಕೇಳುತ್ತೆ, ಮತ್ತೊಂದು ಬಿಡುವುದೇ ಇಲ್ಲ.

ಯೂಟ್ಯೂಬಿನಲ್ಲಿ ಸಿಗುವ ಹೋಲಿಕೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಹೆಸರು, ಇಂಗ್ಲಿಷ್ ಮೆನು ಇಟ್ಟು ಮಾಡಿದವು. ಅದೇ ಜಾಗದಲ್ಲಿ ಕನ್ನಡ ಕೂಡಿಸಿದರೆ ಲೆಕ್ಕವೇ ಬೇರೆ. ಹೆಸರು ಉದ್ದವಾಗುತ್ತೆ, ಮೆನು ಎರಡು ಸಾಲಾಗುತ್ತೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ. ಹಾಗಾಗಿ ನಾನು ಬಿಲ್ಡರ್‌ಗಳನ್ನು ಹೋಲಿಸುವುದು ಕನ್ನಡ ಅದರಲ್ಲಿ ನೆಟ್ಟಗೆ ಕೂರುತ್ತಾ, ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು, ಈ ಎರಡರ ಮೇಲೆ.

ಮೊದಲು ಹೆಡರ್‌ನಲ್ಲಿ ಏನಿರಬೇಕು ಅಂತ ತೀರ್ಮಾನಿಸಿ

ನಮ್ಮ ಕಡೆ ಗಿರಾಕಿ ಸೈಟ್ ನೋಡುವುದು ಹೆಚ್ಚಾಗಿ ಫೋನಿನಲ್ಲೇ. ಸಾಧಾರಣ ಆಂಡ್ರಾಯ್ಡ್ ಫೋನಿನ ಪರದೆ ಬ್ರೌಸರ್ ಲೆಕ್ಕದಲ್ಲಿ ಸುಮಾರು 360 ಪಿಕ್ಸೆಲ್ ಅಗಲ. ಅಷ್ಟರಲ್ಲಿ ಒಂದು ಲೋಗೋ, ಹೆಸರು, ಮೆನು ತೆರೆಯುವ ಮೂರು ಗೆರೆ, ಒಂದು ಬಟನ್, ಇಷ್ಟೇ ಹಿಡಿಸುತ್ತೆ. ಹಾಳೆಯ ಮೇಲೆ ಆ ನಾಲ್ಕನ್ನು ಬರೆದುಕೊಳ್ಳದೆ ಬಿಲ್ಡರ್ ತೆರೆದರೆ ಸಿಕ್ಕಿದ್ದೆಲ್ಲ ತುರುಕುವ ಆಸೆಯಾಗುತ್ತೆ.

ಕಲಬುರಗಿಯ ಒಂದು ದಾಲ್ ಮಿಲ್ ಅಂತಿಟ್ಟುಕೊಳ್ಳಿ. ಅದರ ಸೈಟಿಗೆ ಬರುವವರಲ್ಲಿ ಬೇರೆ ಊರಿನ ಹೋಲ್‌ಸೇಲ್ ವ್ಯಾಪಾರಿಗಳೇ ಜಾಸ್ತಿ. ಅವರಿಗೆ ಒತ್ತಿದ ಕೂಡಲೇ ಕರೆ ಹೋಗುವ ನಂಬರ್ ಬೇಕು, ವಾಟ್ಸಾಪ್ ಬೇಕು. ತಿರುಗುವ ಫೋಟೋ, ಫೇಸ್‌ಬುಕ್ ಗುರುತು ಹೆಡರ್‌ನಲ್ಲಿ ಬೇಡವೇ ಬೇಡ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ. ಅದರ ಗುರುತನ್ನು ಹೆಡರ್‌ನಲ್ಲಿ ಹಾಕಿಸಬೇಕು ಅಂತ ಅನಿಸುವುದು ಸಹಜ. ಆದರೆ ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸಿಕೊಂಡವರು ಮಾತ್ರ ಅದನ್ನು ಬಳಸಬಹುದು. ಅದಾಗುವವರೆಗೆ ಆ ಜಾಗ ಖಾಲಿ ಬಿಡಿ.

ಬೀದರ್‌ನ ಬಿದರಿ ಅಂಗಡಿಗೆ ಬೇಕಾದದ್ದು ಬೇರೆ. ಕೊಳ್ಳುವವರು ದೂರದವರು, ಆನ್‌ಲೈನ್ ದುಡ್ಡು ಕಟ್ಟುವವರು. ಹುಡುಕುವ ಗುರುತು ಮತ್ತು ಕಾರ್ಟ್ ಮುಖ್ಯ. ಯಾದಗಿರಿಯ ಕೋಚಿಂಗ್ ಸೆಂಟರ್‌ಗೆ ಅಡ್ಮಿಷನ್ ಸಮಯದಲ್ಲಿ ಹೆಡರ್ ಮೇಲೆ ಒಂದು ಸಾಲಿನ ಪ್ರಕಟಣೆ ಬೇಕು, ಸಮಯ ಮುಗಿದ ಮೇಲೆ ಅದನ್ನು ಆಫೀಸಿನ ಹುಡುಗನೇ ತೆಗೆಯುವಂತಿರಬೇಕು.

ಇನ್ನೊಂದು ಮಾತು. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ಹೊರಗಿನವರು ಇವತ್ತಿಗೂ ಗುಲ್ಬರ್ಗಾ ಅಂತಲೇ ಹುಡುಕುತ್ತಾರೆ. ಹೆಡರ್‌ನಲ್ಲಿ ಕಲಬುರಗಿ ಸಾಕು. ಹಳೆ ಹೆಸರು ಪುಟದ ಒಳಗೆ, ವಿಳಾಸದ ಹತ್ತಿರ ಒಮ್ಮೆ ಬಂದರೆ ಆಯಿತು.

ಲಕ್ಷ್ಮಿ ವಸ್ತ್ರಾಲಯ ಅಂತ ಟೈಪ್ ಮಾಡಿ ನೋಡಿ

ಯಾವ ಬಿಲ್ಡರ್ ಆದರೂ ಸರಿ, ಹೆಡರ್‌ನಲ್ಲಿ ಮೊದಲು ಈ ಎರಡು ಪದ ಟೈಪ್ ಮಾಡಿ. ಕ್ಷ್ಮಿ, ಸ್ತ್ರಾ, ಎರಡರಲ್ಲೂ ಎರಡೆರಡು ಒತ್ತು. ಇಂಗ್ಲಿಷ್ ಅಕ್ಷರಕ್ಕೆ ಅಂತ ಮಾಡಿದ ಥೀಮ್‌ಗಳಲ್ಲಿ (ಸೈಟಿನ ಸಿದ್ಧ ವಿನ್ಯಾಸಗಳಲ್ಲಿ) ಹೆಸರಿನ ಲೈನ್ ಹೈಟ್, ಅಂದರೆ ಅಕ್ಷರದ ಗಾತ್ರಕ್ಕೆ ಹೋಲಿಸಿದರೆ ಒಂದು ಸಾಲಿಗೆ ಸಿಗುವ ಎತ್ತರ, 1.2ರ ಆಸುಪಾಸಿನಲ್ಲಿ ಇರುತ್ತೆ. ಎಲಿಮೆಂಟರ್ ಅನ್ನುವ ಬಿಲ್ಡರ್‌ನಲ್ಲಿ ಶೀರ್ಷಿಕೆ ಹಾಕುವ ಹೆಡಿಂಗ್ ವಿಜೆಟ್‌ನಲ್ಲಂತೂ ಬರೀ 1. ಹೆಸರು ಒಂದೇ ಸಾಲಿನಲ್ಲಿದ್ದರೆ ಹೇಗೋ ನಡೆಯುತ್ತೆ. ಫೋನಿನಲ್ಲಿ ಅದು ಎರಡು ಸಾಲಾದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತೆ. ಹೆಡರ್‌ಗೆ ಎತ್ತರ ಇಷ್ಟೇ ಅಂತ ಕಟ್ಟಿ, ಹೊರಗೆ ಹೋದದ್ದನ್ನು ಮರೆಮಾಡುವ ಸೆಟ್ಟಿಂಗ್ ಹಾಕಿದ್ದರೆ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗುತ್ತೆ. ಅಂಗಡಿಯ ಹೆಸರೇ ತಪ್ಪಾಗಿ ಕಾಣುವುದು ಯಾರಿಗೆ ತಾನೆ ಇಷ್ಟ, ಅಲ್ವಾ?

ಪರಿಹಾರ ಸುಲಭ. ಲೈನ್ ಹೈಟ್ ಅನ್ನು 1.5 ಅಥವಾ 1.6 ಮಾಡಿ. ಲೆಟರ್ ಸ್ಪೇಸಿಂಗ್ ಸೊನ್ನೆಯಲ್ಲೇ ಇರಲಿ, ಅಕ್ಷರಗಳನ್ನು ದೂರ ದೂರ ಎಳೆದರೆ ಕನ್ನಡ ಓದಲು ಹಿತವಲ್ಲ. ಹೆಡರ್‌ಗೆ ನಿಗದಿ ಎತ್ತರದ ಬದಲು ಮೇಲೆ ಕೆಳಗೆ ಪ್ಯಾಡಿಂಗ್, ಅಂದರೆ ಖಾಲಿ ಜಾಗ, ಕೊಡಿ.

ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ತಿರೋ ಕನ್ನಡ, ಹುಬ್ಬಳ್ಳಿ ಎಲ್ಲ ಪುಕ್ಕಟೆ ಸಿಗುತ್ತವೆ. ಮೆನುಗೆ ನೋಟೋ ಸಾನ್ಸ್ ಅಥವಾ ಅನೇಕ್ ನನಗೆ ಹೆಚ್ಚು ಹಿಡಿಸುತ್ತವೆ, ಚಿಕ್ಕ ಅಳತೆಯಲ್ಲೂ ಒತ್ತು ಸ್ಪಷ್ಟವಾಗಿರುತ್ತೆ. ಬಾಲೂ ತಮ್ಮ ದಪ್ಪ, ಅಂಗಡಿ ಹೆಸರಿಗೆ ಚೆಂದ, ಮೆನುಗೆ ಭಾರ. ಒಂದು ಫಾಂಟ್ ಸಾಕು. ಕನ್ನಡ ಫಾಂಟ್ ಫೈಲುಗಳಲ್ಲಿ ಒತ್ತು, ಕಾಗುಣಿತ ಎಲ್ಲ ಸೇರಿ ಆಕಾರಗಳು ಜಾಸ್ತಿ, ಫೈಲೂ ಇಂಗ್ಲಿಷಿಗಿಂತ ದೊಡ್ಡದು. ಮೂರು ನಾಲ್ಕು ಫಾಂಟ್ ಹಾಕಿದರೆ ನೆಟ್‌ವರ್ಕ್ ಕಮ್ಮಿ ಇರುವ ಹಳ್ಳಿಯಲ್ಲಿ ಹೆಸರು ಕಾಣುವುದಕ್ಕೇ ಕಾಯಬೇಕಾಗುತ್ತೆ.

ಡಿಟಿಪಿ ಅಂಗಡಿಯಿಂದ ಬಂದ ಪಠ್ಯ ಇದ್ದರೆ ಎಚ್ಚರ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಬಿಲ್ಡರ್‌ಗೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿ, ಇಲ್ಲವೇ ಪರಿವರ್ತಿಸಿಕೊಳ್ಳಿ. ಲೋಗೋಗೆ ಮಾತ್ರ ಈ ಚಿಂತೆ ಇಲ್ಲ. ಹಿನ್ನೆಲೆ ಇಲ್ಲದ ಪಿಎನ್‌ಜಿ ಕೇಳಿ ಪಡೆಯಿರಿ, ತೋರಿಸುವ ಅಗಲದ ಎರಡರಷ್ಟು ದೊಡ್ಡದಿರಲಿ. ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಪುಕ್ಕಟೆ ತಂತ್ರಾಂಶ) ತಾನಾಗಿ ಎಸ್‌ವಿಜಿ ಅನ್ನುವ ಬಗೆಯ ಚಿತ್ರದ ಫೈಲ್ ಒಪ್ಪುವುದಿಲ್ಲ, ಅದಕ್ಕೆ ಬೇರೆ ಪ್ಲಗಿನ್, ಅಂದರೆ ಜೋಡಿಸಿಕೊಳ್ಳುವ ಸಣ್ಣ ತಂತ್ರಾಂಶ, ಬೇಕು.

ಮೆನು ಯಾವಾಗ ಮೂರು ಗೆರೆಯಾಗುತ್ತೆ?

ಕನ್ನಡದ ಹೆಡರ್‌ಗೆ ಎಲ್ಲಕ್ಕಿಂತ ಮುಖ್ಯವಾದ ಹೋಲಿಕೆ ಇದೇ. ಪರದೆಯ ಅಗಲ ಒಂದು ಅಂಕಿಗಿಂತ ಕಮ್ಮಿಯಾದಾಗ ಅಡ್ಡಸಾಲಿನ ಮೆನು ಮಡಚಿಕೊಂಡು ಮೂರು ಗೆರೆಯ ಗುರುತಾಗುತ್ತೆ. ಆ ಅಂಕಿಗೆ ಬ್ರೇಕ್‌ಪಾಯಿಂಟ್ ಅನ್ನುತ್ತಾರೆ. ಬಿಲ್ಡರ್‌ನಿಂದ ಬಿಲ್ಡರ್‌ಗೆ ಅದು ಬೇರೆ.

ವರ್ಡ್‌ಪ್ರೆಸ್‌ನ ಸ್ವಂತ ನ್ಯಾವಿಗೇಶನ್ ಬ್ಲಾಕಿನಲ್ಲಿ (ಮೆನು ಹಾಕುವ ತುಂಡು) ಮಾಮೂಲಾಗಿ 600 ಪಿಕ್ಸೆಲ್. ವರ್ಡ್‌ಪ್ರೆಸ್‌ಗೆ ಸಿಗುವ ಆಸ್ಟ್ರಾ ಥೀಮಿನಲ್ಲಿ 921. ಅಂಥದೇ ಕೇಡೆನ್ಸ್ ಥೀಮಿನಲ್ಲಿ 1024. ಎಲಿಮೆಂಟರ್‌ನ ದುಡ್ಡು ಕೊಡುವ ಆವೃತ್ತಿ ಪ್ರೋದ ಮೆನು ವಿಜೆಟ್‌ನಲ್ಲಿ ಫೋನಿಗೆ ಮಾತ್ರ ಅಂದರೆ 767, ಟ್ಯಾಬ್ಲೆಟ್ ಸೇರಿಸಿದರೆ 1024, ಅಲ್ಲೇ ಆರಿಸಬಹುದು.

ಈ ಅಂಕಿಗಳಿಂದ ಏನಾಗುತ್ತೆ ನೋಡಿ. ಉತ್ಪನ್ನಗಳು, ನಮ್ಮ ಬಗ್ಗೆ, ಚಿತ್ರಗಳು, ಗ್ರಾಹಕರ ಅಭಿಪ್ರಾಯ, ನಮ್ಮನ್ನು ಸಂಪರ್ಕಿಸಿ. ಐದೇ ಹೆಸರು, ಆದರೂ ಲೋಗೋ ಪಕ್ಕದಲ್ಲಿ ಇವು ಒಂದೇ ಸಾಲಿನಲ್ಲಿ ನಿಲ್ಲಲು ಲ್ಯಾಪ್‌ಟಾಪ್ ಅಗಲ ಬೇಕು. 600ರಲ್ಲಿ ಮಡಚುವ ಮೆನು 768 ಅಗಲದ ಟ್ಯಾಬ್ಲೆಟ್‌ನಲ್ಲಿ, ಅಡ್ಡ ಹಿಡಿದ ಫೋನಿನಲ್ಲಿ ಮಡಚುವುದಿಲ್ಲ. ಎರಡು ಮೂರು ಸಾಲಾಗಿ ಲೋಗೋ ಕೆಳಗೆ ಬೀಳುತ್ತೆ. ಇಂಗ್ಲಿಷ್ ಮೆನು ಇಟ್ಟು ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಅದಕ್ಕೇ ಕನ್ನಡ ಮೆನು ಇರುವ ಸೈಟಿಗೆ ಕೇಡೆನ್ಸ್‌ನ 1024 ನನಗೆ ಸರಿ ಅನಿಸುತ್ತೆ. ವರ್ಡ್‌ಪ್ರೆಸ್ ಬ್ಲಾಕ್ ಬಿಟ್ಟು ಕೊಡಲಾರೆ ಅನ್ನುವವರು ಅದರಲ್ಲಿ ಮೆನು ಯಾವಾಗಲೂ ಮಡಚಿಯೇ ಇರಲಿ ಅನ್ನುವ ಆಯ್ಕೆ ತಗೊಳ್ಳಬಹುದು. ಯಾವುದೇ ಬಿಲ್ಡರ್ ಆದರೂ ಹೆಸರುಗಳನ್ನು ಮೊಟಕು ಮಾಡಿ: ಬೇಳೆ, ಫೋಟೋ, ಮಾತು, ಸಂಪರ್ಕ. ಗಿರಾಕಿಗೆ ಅಷ್ಟೇ ಸಾಕು.

ಒಂದೊಂದಾಗಿ ಬಿಲ್ಡರ್‌ಗಳು

ವರ್ಡ್‌ಪ್ರೆಸ್‌ನ ಸೈಟ್ ಎಡಿಟರ್ ಬಂದದ್ದು 2022ರ ಜನವರಿಯಲ್ಲಿ, 5.9 ಆವೃತ್ತಿ ಜೊತೆ. ಬ್ಲಾಕ್ ಥೀಮ್, ಅಂದರೆ ಹೆಡರ್ ಸೇರಿ ಎಲ್ಲವನ್ನೂ ಬ್ಲಾಕ್ ಅನ್ನುವ ತುಂಡುಗಳಿಂದ ಕಟ್ಟಿದ ಥೀಮ್ ಇದ್ದರೆ ಹೆಡರ್ ಅನ್ನೇ ತೆರೆದು ತಿದ್ದಬಹುದು. ಬೇರೆ ಪ್ಲಗಿನ್ ಬೇಡ, ದುಡ್ಡು ಬೇಡ, ಸೈಟ್ ಹಗುರವಾಗಿರುತ್ತೆ. ಮುಖಪುಟಕ್ಕೆ ಒಂದು ಹೆಡರ್, ಮಿಕ್ಕ ಪುಟಗಳಿಗೆ ಇನ್ನೊಂದು ಬೇಕಿದ್ದರೆ ಅದೂ ಇಲ್ಲಿ ಪುಕ್ಕಟೆ. ಎರಡು ಹೆಡರ್ ಮಾಡಿ ಬೇರೆ ಬೇರೆ ಟೆಂಪ್ಲೇಟಿಗೆ (ಪುಟದ ಅಚ್ಚಿಗೆ) ಕೊಟ್ಟರಾಯಿತು. 2024ರ 6.5 ಆವೃತ್ತಿಯಿಂದ ಕನ್ನಡ ಫಾಂಟನ್ನೂ ಒಳಗಿನಿಂದಲೇ ಸೇರಿಸಬಹುದು. ಆದರೆ ಗುಂಪಿನೊಳಗೆ ಗುಂಪು, ಅದರೊಳಗೆ ಸಾಲು, ಹೀಗೆ ಇರುವುದರಿಂದ ಹೊಸಬರು ಎಲ್ಲಿ ಒತ್ತಿದರೆ ಏನಾಗುತ್ತೆ ಅಂತ ತಬ್ಬಿಬ್ಬಾಗುತ್ತಾರೆ. ಕಲಿಯುವ ಆಸಕ್ತಿ ಇರುವವರು ಇದನ್ನೇ ಹಿಡಿಯಿರಿ. ವಾರಕ್ಕೊಮ್ಮೆ ಮಾತ್ರ ಕಂಪ್ಯೂಟರ್ ಮುಟ್ಟುವವರ ಕೈಗೆ ಇದನ್ನು ಕೊಡಬೇಡಿ.

ಕೇಡೆನ್ಸ್ ಮತ್ತು ಆಸ್ಟ್ರಾ ಥೀಮ್‌ಗಳಲ್ಲಿ ಬರುವ ಹೆಡರ್ ಬಿಲ್ಡರ್ ಬೇರೆ ಬಗೆ. ಪರದೆಯ ಕೆಳಭಾಗದಲ್ಲಿ ಮೂರು ಸಾಲು ಕಾಣುತ್ತೆ: ಮೇಲಿನದು, ನಡುವಿನದು, ಕೆಳಗಿನದು. ಲೋಗೋ, ಮೆನು, ಬಟನ್, ಹುಡುಕು, ಇವನ್ನೆಲ್ಲ ಎಳೆದು ಎಡಕ್ಕೋ ನಡುವಿಗೋ ಬಲಕ್ಕೋ ಬಿಡುವುದು. ಫೋನಿನ ಹೆಡರ್‌ಗೆ ಪ್ರತ್ಯೇಕ ಮೂರು ಸಾಲು. ದಾಲ್ ಮಿಲ್ಲಿನ ಹೆಡರ್ ಅನ್ನು ಕೇಡೆನ್ಸ್‌ನಲ್ಲಿ ಹೀಗೆ ಮಾಡಬಹುದು. ಕಂಪ್ಯೂಟರಿನಲ್ಲಿ ನಡುವಿನ ಸಾಲಿಗೆ ಎಡಕ್ಕೆ ಲೋಗೋ, ಬಲಕ್ಕೆ ಮೆನು ಮತ್ತು ‘ಕರೆ ಮಾಡಿ’ ಬಟನ್. ಫೋನಿಗೆ ಬದಲಿಸಿಕೊಂಡು ಎಡಕ್ಕೆ ಲೋಗೋ, ಬಲಕ್ಕೆ ಅಂಥದೇ ಬಟನ್, ಅದರ ಪಕ್ಕ ಮೂರು ಗೆರೆ. ಬಟನ್‌ನ ಲಿಂಕಿನಲ್ಲಿ ಟೆಲ್ ಅಂತ ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಪ್ಲಸ್ 91 ಸೇರಿಸಿ ನಂಬರ್ ಬರೆದರೆ ಒತ್ತಿದ ಕೂಡಲೇ ಡಯಲರ್ ತೆರೆಯುತ್ತೆ. ಕೋಚಿಂಗ್ ಸೆಂಟರ್‌ನ ಅಡ್ಮಿಷನ್ ಪ್ರಕಟಣೆಗೆ ಮೇಲಿನ ಸಾಲು ಹೇಳಿ ಮಾಡಿಸಿದ ಜಾಗ. ಸಮಯ ಮುಗಿದ ಮೇಲೆ ಆ ತುಂಡನ್ನು ತೆಗೆದರೆ ಸಾಲೇ ಮಾಯ.

ಎರಡರಲ್ಲಿ ಯಾವುದು? ಪುಟ ಸರಿಸಿದರೂ ಮೇಲೇ ಅಂಟಿಕೊಂಡಿರುವ ಸ್ಟಿಕಿ ಹೆಡರ್ ಕೇಡೆನ್ಸ್‌ನಲ್ಲಿ ಪುಕ್ಕಟೆ ಸಿಗುತ್ತೆ, ಆಸ್ಟ್ರಾದಲ್ಲಿ ಪ್ರೋ ಬೇಕು. ಕರೆ ಬಟನ್ ಯಾವಾಗಲೂ ಕಣ್ಣಿಗೆ ಬೀಳಬೇಕಾದ ವ್ಯಾಪಾರಕ್ಕೆ ಈ ಒಂದು ಕಾರಣ ಸಾಕು, ಕೇಡೆನ್ಸ್ ತಗೊಳ್ಳಿ. ನಮ್ಮ ಮೂರು ಜಿಲ್ಲೆಯ ಹೆಚ್ಚಿನ ಸಣ್ಣ ಸೈಟುಗಳಿಗೆ ಇದರಾಚೆ ಏನೂ ಬೇಕಾಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಲಿಮೆಂಟರ್ ಹೆಸರು ಎಲ್ಲರಿಗೂ ಗೊತ್ತು. ಪುಟ ಮಾಡುವುದು ಪುಕ್ಕಟೆ, ಹೆಡರ್ ಮಾಡುವ ಥೀಮ್ ಬಿಲ್ಡರ್ ಮಾತ್ರ ಪ್ರೋದಲ್ಲಿ. ಇದು ಗೊತ್ತಿಲ್ಲದೆ ಶುರು ಮಾಡಿ ಅರ್ಧ ದಾರಿಯಲ್ಲಿ ನಿಲ್ಲುವವರು ಬಹಳ. ಪುಕ್ಕಟೆಯಾಗಿ ಹೆಡರ್ ಮಾಡಿಕೊಡುವ ಬೇರೆ ಪ್ಲಗಿನ್‌ಗಳೂ ಇವೆ, ಆದರೆ ಒಂದರ ಮೇಲೊಂದು ಪ್ಲಗಿನ್ ಹೇರಿದಷ್ಟೂ ಸೈಟ್ ಭಾರ, ಅಪ್‌ಡೇಟ್ ಸಮಯದಲ್ಲಿ ತಲೆನೋವು. ಪ್ರೋ ಕೊಂಡರೆ ಸಿಗುವ ಸ್ವಾತಂತ್ರ್ಯ ನಿಜಕ್ಕೂ ದೊಡ್ಡದು. ಯಾವ ಪುಟಕ್ಕೆ ಯಾವ ಹೆಡರ್ ಅಂತ ಷರತ್ತು ಹಾಕಬಹುದು, ಕಾರ್ಟ್ ವಿಜೆಟ್ ಇದೆ, ಪ್ರತಿ ಅಳತೆಯ ಪರದೆಗೂ ಬೇರೆ ಬೇರೆ ಅಕ್ಷರದ ಗಾತ್ರ ಕೊಡಬಹುದು. ಬಿದರಿ ಅಂಗಡಿಯ ಹಾಗೆ ನೋಟವೇ ವ್ಯಾಪಾರವಾಗಿರುವ ಕಡೆ ಇದಕ್ಕೆ ದುಡ್ಡು ಹಾಕಬಹುದು. ಲೈಸೆನ್ಸ್ ವರ್ಷ ವರ್ಷ ನವೀಕರಿಸಬೇಕು. ಪ್ರೋ ತೆಗೆದು ಹಾಕಿದರೆ ನೀವು ಮಾಡಿದ ಹೆಡರ್ ಹೋಗಿ ಥೀಮಿನ ಸಾದಾ ಹೆಡರ್ ಬಂದು ಕೂರುತ್ತೆ.

ಬೀವರ್ ಬಿಲ್ಡರ್‌ನಲ್ಲೂ ಹೆಡರ್‌ಗೆ ಬೀವರ್ ಥೀಮರ್ ಅನ್ನುವ ಬೇರೆ ಪ್ಲಗಿನ್ ಬೇಕು. ನಿಧಾನ, ಗಟ್ಟಿ, ಗೊಂದಲ ಕಮ್ಮಿ. ಅಂಟಿಕೊಳ್ಳುವ ಹೆಡರ್, ಸರಿಸಿದಾಗ ಕುಗ್ಗುವ ಹೆಡರ್, ಫೋಟೋ ಮೇಲೆ ಕೂರುವ ಹೆಡರ್, ಮೂರೂ ಒಂದೊಂದು ಸೆಟ್ಟಿಂಗ್‌ನಲ್ಲಿ ಆಗುತ್ತವೆ. ಡಿವಿ ಅನ್ನುವ ಇನ್ನೊಂದು ವರ್ಡ್‌ಪ್ರೆಸ್ ಬಿಲ್ಡರ್‌ನಲ್ಲಿ ಥೀಮ್ ಬಿಲ್ಡರ್ ಬಂದದ್ದು 2019ರಲ್ಲಿ. ಒಮ್ಮೆ ದುಡ್ಡು ಕಟ್ಟಿ ಜೀವನಪೂರ್ತಿ ಬಳಸುವ ಲೈಸೆನ್ಸ್ ಅದರಲ್ಲಿ ಸಿಗುವುದರಿಂದ ಬಹಳ ಸೈಟ್ ಮಾಡುವವರಿಗೆ ಲಾಭ. ಒಂದೇ ಸೈಟಿಗೆ ಎರಡರ ಅಗತ್ಯವೂ ನನಗೆ ಕಾಣುವುದಿಲ್ಲ.

ವರ್ಡ್‌ಪ್ರೆಸ್‌ಗೆ ಸೇರದ ವಿಕ್ಸ್‌ನಲ್ಲಿ ಹೋಸ್ಟಿಂಗ್ (ಸೈಟ್ ಇಡುವ ಬಾಡಿಗೆ ಜಾಗ), ಪ್ಲಗಿನ್, ಅಪ್‌ಡೇಟ್ ಯಾವ ಗೋಜೂ ಇಲ್ಲ. ಹೆಡರ್ ಒತ್ತಿ, ಬೇಕಾದ ಕಡೆ ಬೇಕಾದ್ದನ್ನು ಎಳೆದಿಡಿ. ಫ್ರೀಜ್ ಅಂತ ಆರಿಸಿದರೆ ಅಂಟಿಕೊಳ್ಳುತ್ತೆ. ಸಹಾಯಕ್ಕೆ ಯಾರೂ ಇಲ್ಲದವರಿಗೆ ಇದು ಒಳ್ಳೆಯದು. ಎರಡು ವಿಷಯ ಗೊತ್ತಿರಲಿ. ಪುಕ್ಕಟೆ ಖಾತೆಯಲ್ಲಿ ನಿಮ್ಮ ಹೆಡರ್ ಮೇಲೇ ವಿಕ್ಸ್‌ನ ಜಾಹೀರಾತು ಪಟ್ಟಿ ಕೂರುತ್ತೆ. ಮುಂದೆ ಬೇರೆ ಕಡೆ ಹೋಗಬೇಕೆಂದರೆ ಸೈಟನ್ನು ಎತ್ತಿಕೊಂಡು ಹೋಗಲಾಗುವುದಿಲ್ಲ, ಹೊಸದಾಗಿ ಕಟ್ಟಬೇಕು.

ಗೂಗಲ್ ಸೈಟ್ಸ್ ಪೂರ್ತಿ ಪುಕ್ಕಟೆ. ಹೆಡರ್‌ಗೆ ನಾಲ್ಕೇ ಬಗೆ: ಕವರ್, ದೊಡ್ಡ ಬ್ಯಾನರ್, ಬ್ಯಾನರ್, ಬರೀ ಶೀರ್ಷಿಕೆ. ಮೇಲೆ ಪ್ರಕಟಣೆಯ ಪಟ್ಟಿ ಹಾಕಬಹುದು. ಶಾಲೆ, ಸಂಘ, ಊರ ಜಾತ್ರೆಯ ಮಾಹಿತಿಗೆ ಧಾರಾಳ ಸಾಕು. ವೆಬ್‌ಫ್ಲೋ ಇದರ ತದ್ವಿರುದ್ಧ, ಪುಟದ ನೋಟ ಬರೆಯುವ ಸಿಎಸ್‌ಎಸ್ ಕೋಡ್ ತಿಳಿದವರ ಕೈಗೆ ಮಾತ್ರ ಅದು ಬಗ್ಗುತ್ತೆ.

ಫೋಟೋ ಮೇಲಿನ ಹೆಡರ್, ಅಂಟುವ ಹೆಡರ್

ಮುಖಪುಟದ ದೊಡ್ಡ ಫೋಟೋ ಮೇಲೆ ಹಿನ್ನೆಲೆ ಇಲ್ಲದ ಹೆಡರ್ ನೋಡಲು ಚೆಂದ. ಬಿದರಿ ಅಂಗಡಿಯವರು ಇದನ್ನೇ ಕೇಳುತ್ತಾರೆ. ಈಗ ಒಂದು ಬಿದರಿ ಹೂಜಿಯ ಫೋಟೋ ಇಟ್ಟು ನೋಡಿ. ಸತು ಮತ್ತು ತಾಮ್ರದ ಎರಕ, ಅದರಲ್ಲಿ ಕೆತ್ತಿ ಕೂಡಿಸಿದ ಬೆಳ್ಳಿ, ಕೋಟೆಯ ಮಣ್ಣಿನಿಂದ ಬಂದ ಕಪ್ಪು. ಕಪ್ಪಿನ ಮೇಲೆ ಬಿಳಿ ಮೆನು ಫಳಫಳ ಕಾಣುತ್ತೆ. ಅದೇ ಮೆನು ಬೆಳ್ಳಿ ಬಳ್ಳಿಯ ಮೇಲೆ ಬಂದ ಕಡೆ ಅಕ್ಷರವೇ ಕಾಣುವುದಿಲ್ಲ, ಬೆಳ್ಳಿಯ ಗೆರೆ ಯಾವುದು, ಒತ್ತಿನ ಗೆರೆ ಯಾವುದು ಗೊತ್ತಾಗದು. ಫೋಟೋದ ಮೇಲ್ತುದಿಗೆ ಕಪ್ಪು ಛಾಯೆ ಕೊಡಿ, ಅಥವಾ ಮೇಲ್ಭಾಗ ಖಾಲಿ ಇರುವ ಫೋಟೋ ಆರಿಸಿ. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕು ಅನ್ನುವುದು ವೆಬ್ ಮಾನದಂಡ. ಏಪ್ರಿಲ್‌ನ ಕಲಬುರಗಿ ಬಿಸಿಲಲ್ಲಿ ನಿಂತು ಫೋನ್ ನೋಡುವವರಿಗೆ ಅದಕ್ಕಿಂತ ಜಾಸ್ತಿ ಇದ್ದರೇ ಒಳ್ಳೆಯದು. ಹೀಗೆ ಫೋಟೋ ಮೇಲೆ ಕೂರುವ ಹೆಡರ್ ಆಸ್ಟ್ರಾ, ಕೇಡೆನ್ಸ್ ಎರಡರಲ್ಲೂ ಪುಕ್ಕಟೆ.

ಅಂಟುವ ಹೆಡರ್ ಫೋನಿನಲ್ಲಿ 60-70 ಪಿಕ್ಸೆಲ್ ಎತ್ತರ ಮೀರದಿರಲಿ. ಅದು ಓದುವ ಜಾಗವನ್ನೇ ತಿನ್ನುತ್ತೆ. ಬಟನ್ ಮಾತ್ರ ತೀರಾ ಚಿಕ್ಕದು ಮಾಡಬೇಡಿ, 44 ಪಿಕ್ಸೆಲ್ ಆದರೂ ಇದ್ದರೆ ವಯಸ್ಸಾದವರ ಬೆರಳಿಗೂ ಸಿಗುತ್ತೆ. ಸೈಟ್ ಎಡಿಟರ್‌ನಲ್ಲಿ ಅಂಟಿಸುವುದಕ್ಕೆ ಒಂದು ಕಿವಿಮಾತು: ಹೆಡರ್ ಒಳಗಿನ ಗುಂಪಿಗೆ ಸ್ಟಿಕಿ ಕೊಟ್ಟರೆ ಕೆಲಸ ಆಗುವುದಿಲ್ಲ. ಟೆಂಪ್ಲೇಟ್ ತೆರೆದು, ಇಡೀ ಹೆಡರ್ ಅನ್ನು ಒಂದು ಗುಂಪಿನೊಳಗೆ ಹಾಕಿ, ಆ ಹೊರಗಿನ ಗುಂಪಿಗೆ ಕೊಡಬೇಕು.

ಕನ್ನಡದ ಜೊತೆ ಉರ್ದು ಬೇಕಿದ್ದರೆ

ಕಲಬುರಗಿ, ಬೀದರ್‌ನಲ್ಲಿ ಉರ್ದು ಓದುವ ಗಿರಾಕಿಗಳು ಬಹಳ. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ, ಹಾಗಾಗಿ ಉರ್ದು ಪುಟದಲ್ಲಿ ಇಡೀ ಹೆಡರ್ ಕನ್ನಡಿಯಂತೆ ತಿರುಗಬೇಕು: ಲೋಗೋ ಬಲಕ್ಕೆ, ಮೂರು ಗೆರೆ ಎಡಕ್ಕೆ. ವರ್ಡ್‌ಪ್ರೆಸ್‌ನಲ್ಲಿ ಆ ಪುಟದ ಭಾಷೆ ಉರ್ದು ಅಂತ ಇದ್ದರೆ ಒಳ್ಳೆಯ ಥೀಮ್‌ಗಳು ಇದನ್ನು ತಾವೇ ಮಾಡುತ್ತವೆ. ಉರ್ದುವಿನ ನಸ್ತಾಲೀಕ್ ಶೈಲಿಯ ಬರವಣಿಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಗುವುದರಿಂದ ಅದಕ್ಕೆ ಕನ್ನಡಕ್ಕಿಂತಲೂ ಜಾಸ್ತಿ ಲೈನ್ ಹೈಟ್ ಬೇಕು.

ಭಾಷೆಗೊಂದು ಮೆನು ಮಾಡಲು ಪಾಲಿಲ್ಯಾಂಗ್ ಪ್ಲಗಿನ್ ಇದೆ. ಕೇಡೆನ್ಸ್, ಆಸ್ಟ್ರಾ ತರಹದ ಥೀಮ್‌ಗಳಲ್ಲಿ ಅದರ ಪುಕ್ಕಟೆ ಆವೃತ್ತಿಯೇ ಕೆಲಸ ಮಾಡುತ್ತೆ. ಸೈಟ್ ಎಡಿಟರ್‌ನ ಹೆಡರ್ ಅನ್ನೇ ಭಾಷೆಗೊಂದರಂತೆ ಮಾಡಬೇಕೆಂದರೆ ಅದರ ಪ್ರೋ ಬೇಕು. ಭಾಷೆಯ ಹೆಸರನ್ನು ಆಯಾ ಲಿಪಿಯಲ್ಲೇ ಬರೆಯಿರಿ, ಬಾವುಟದ ಚಿತ್ರ ಹಾಕಬೇಡಿ.

ಕೆಲಸ ಬೇರೆಯವರಿಗೆ ಕೊಡುವಾಗ

ಸೈಟ್ ಮಾಡಿಕೊಡುವವರು ಯಾವ ಬಿಲ್ಡರ್ ಬಳಸುತ್ತಾರೆ ಅಂತ ಮೊದಲೇ ಕೇಳಿ. ಪ್ರೋ ಲೈಸೆನ್ಸ್ ಯಾರ ಹೆಸರಲ್ಲಿರುತ್ತೆ ಅಂತಲೂ ಕೇಳಿ. ಎಷ್ಟೋ ಕಡೆ ಅದು ಮಾಡಿಕೊಟ್ಟವರ ಖಾತೆಯಲ್ಲೇ ಇರುತ್ತೆ. ಅವರು ನವೀಕರಿಸದಿದ್ದರೆ ನಿಮ್ಮ ಸೈಟಿಗೆ ಅಪ್‌ಡೇಟ್ ನಿಲ್ಲುತ್ತೆ, ಅಪ್‌ಡೇಟ್ ಇಲ್ಲದ ಪ್ಲಗಿನ್ ಕಳ್ಳರಿಗೆ ಬಾಗಿಲು. ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್, ವರ್ಡ್‌ಪ್ರೆಸ್ ಅಡ್ಮಿನ್, ಈ ಮೂರೂ ನಿಮ್ಮದೇ ಇಮೇಲ್‌ನಲ್ಲಿರಲಿ. ಬಾಕಿ ದುಡ್ಡು ಕೊಡುವ ಮುಂಚೆ ಅವರ ಎದುರಿಗೇ ಕೂತು ಹೆಡರ್‌ನ ಫೋನ್ ನಂಬರನ್ನು ನೀವೇ ಒಮ್ಮೆ ಬದಲಿಸಿ, ಸೇವ್ ಮಾಡಿ, ನಿಮ್ಮ ಫೋನಿನಲ್ಲಿ ತೆರೆದು, ಒತ್ತಿ ಕರೆ ಮಾಡಿ ನೋಡಿ.